ತೂತಿನ ಬಿಲ್ಲೆ

ನರಸಮ್ಮ ತಗಡಿನ ಡಬ್ಬಿಯನ್ನು ಒಲೆಯ ಬೂದಿಯೊಳಕ್ಕೆ ತಳ್ಳುವುದಕ್ಕೂ ಹೊರಗೆ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಅವನೇ. ಖಾಕಿ ಅಂಗಿಯ ಒಬ್ಬ ಬೆಳಿಗ್ಗೆಯಿಂದ ಉರಿಗಾಂ ಚಿನ್ನದ ಗಣಿಯ ಆಳುಗಳ ಲೈನುಮನೆಗಳಲ್ಲಿ ಅವಳ ಗಂಡನ ಹೆಸರು ಹಿಡಿದು ಮನೆ ವಿಚಾರಿಸುತ್ತಿದ್ದಾನೆಂದು ಪಕ್ಕದ ಮನೆಯವಳು ಆಗಲೇ ಕಿವಿಗೆ ಹಾಕಿ ಹೋಗಿದ್ದಳು. "ಅದೇನೋ ಬಿಲ್ಲೆ ಕೇಳ್ತಾವ್ನೆ ಕಣೇ," ಅಂದಿದ್ದಳು.

ಡಬ್ಬಿಯಲ್ಲಿ ಇದ್ದದ್ದೂ ಬಿಲ್ಲೆಗಳೇ. ನಯಾಪೈಸೆ ಬಂದು, ಹಳೇ ಕಾಸಿಗೆ ಬೆಲೆ ಬರುತ್ತದೆಂದು ಜನ ಹುಚ್ಚಾಗಿದ್ದ ಕಾಲ. ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಆದಿನಾರಾಯಣ ಎಂಬಾತ ಹಳೇ ನಾಣ್ಯದ ಅಂಗಡಿ ಇಟ್ಟು, ಹೆಸರು ಹಬ್ಬಲೆಂದು ಬಂದವರಿಗೆಲ್ಲ ಒಂದೊಂದು ಹಿತ್ತಾಳೆ ಬಿಲ್ಲೆ ಪುಕ್ಕಟೆ ಕೊಡುತ್ತಿದ್ದ. ಸುತ್ತಲೂ ಅಂಗಡಿಯ ಹೆಸರು, ನಡುವೆ ಯುದ್ಧಕಾಲದ ಕಾಸಿಗಿದ್ದಂಥ ತೂತು. ಗಂಡ ಅಶ್ವತ್ಥಪ್ಪ ಹೋದಾಗಲೆಲ್ಲ ಒಂದು ತರುತ್ತಿದ್ದ. ಕಾಸಿನ ಆಸೆಗೆ ಹೋಗುತ್ತಿದ್ದರೆ ಚಿಂತೆ ಇರಲಿಲ್ಲ. ಆ ಅಂಗಡಿಯೆದುರು ನಿಲ್ಲುವ ದಲ್ಲಾಳಿಯೊಬ್ಬನ ಜೊತೆ ಕಳ್ಳಚಿನ್ನದ ಮಾತಾಡಲು ಹೋಗುತ್ತಿದ್ದ. ಬಿಲ್ಲೆ ಸಿಕ್ಕಿದರೆ ಆ ಓಡಾಟವೆಲ್ಲ ಬಯಲಾಗಿ ಗಂಡ ಜೈಲು ಸೇರುತ್ತಾನೆಂದು ಅವಳ ದಿಗಿಲು.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಅವನು, ರಜೆ ಹಾಕಿದ್ದರೂ, ಗಣಿಗೆ ಹೊರಟಿದ್ದ. "ಕೆಳ್ಗೆ ಬಚ್ಚಿಟ್ಟಿರೋ ಚಿನ್ನಾನೆಲ್ಲ ಇವತ್ತು ತಂದು, ಆಂಗೇ ಮಾರಿಕುಪ್ಪಂನಾಗೆ ರೈಲು ಅತ್ಬುಡ್ತೀನಿ. ಯಾರು ಕೇಳಿದ್ರೂ ಮನೇಲೇ ಇದ್ದ, ಉಂಡು ಊರ್ಗೋದ ಅನ್ನು. ಆಮ್ಯಾಲೆ ನಿನ್ನ ಕರುಸ್ಕೊಂತೀನಿ," ಅಂದಿದ್ದ. ಅವತ್ತೇ ಮಧ್ಯಾಹ್ನ ಗಣಿಯೊಳಗೆ ಬಂಡೆ ಸಿಡಿದು ಒಂದು ಸುರಂಗ ಕುಸಿಯಿತು. ಅಂಥ ಗಲಾಟೆಯಲ್ಲಿ ಗೇಟಿನ ಪಹರೆಯವರು ಯಾರ ಮೈ ತಡವಿ ನೋಡುತ್ತಾರೆ? ಗಂಡ ಸಲೀಸಾಗಿ ದಾಟಿಕೊಂಡನೆಂದು ಅವಳು ದೇವರಿಗೆ ಕೈಮುಗಿದಳು. ಇಳಿಹೊತ್ತಿಗೆ ಗಣಿಯ ಸಾಹೇಬರು ಬಾಗಿಲಿಗೇ ಬಂದು ವಿಚಾರಿಸಿದಾಗ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಒಪ್ಪಿಸಿದಳು.

ಯುಗಾದಿ ಕಳೆದರೂ ಅವನ ಸುದ್ದಿಯಿಲ್ಲ. ಈಗ ಈ ಖಾಕಿಯವನು ಬಂದು ನಿಂತಿದ್ದ.

"ಅಕ್ಕಾ, ನಾನು ಕುಪ್ಪುಸ್ವಾಮಿ. ಗಣಿ ಆಳುಗಳ ಹಾಜರಿ ನೋಡೋ ಟೈಮ್ ಆಫೀಸಲ್ಲಿ ಗುಡಿಸೋನು."

ಗುಡಿಸುವವನಂತೆ! ಪೊಲೀಸರು ಇನ್ನೇನು ಪೊಲೀಸು ಎಂದು ಹೇಳಿಕೊಂಡೇ ಬರುತ್ತಾರೆಯೇ?

ಅವನು ಜಗಲಿಯ ಮೇಲೆ ಕೂತು ಬಟ್ಟೆಯ ಗಂಟು ಬಿಚ್ಚಿದ. ಚಿಕ್ಕಪೇಟೆಯದು, ಮದರಾಸಿನದು, ಸೇಲಂನದು, ಎಲ್ಲ ಬಿಲ್ಲೆಗಳೇ. "ಕಾಸು ಎಲ್ಲಾರೂ ಸೇರಿಸ್ತಾರೆ. ನಂದು ಕಾಸಂಗಡಿಯವ್ರು ಕೊಡೋ ಬಿಲ್ಲೆ ಮಾತ್ರ. ಮನೇಲಿ ತಲೆಕೆಟ್ಟೋನು ಅಂತಾರೆ." ಹುಣಸೆಹಣ್ಣು ಹಾಕಿ ತಿಕ್ಕಿದ್ದ ಒಂದನ್ನು ಎತ್ತಿ ಚಾಚಿದ. ಆದಿನಾರಾಯಣನ ಅಂಗಡಿಯದು. "ಇದ್ರಲ್ಲಿ ಆನೆ ಇದೆ. ಮೊದಲು ಮಾಡಿಸಿದ್ದಕ್ಕೆ ಆನೆ ಇರ್ಲಿಲ್ವಂತೆ. ಅಂಥದ್ದೊಂದು ಇದ್ರೆ ಕೊಡಿ ಅಕ್ಕಾ."

"ಅವೆಲ್ಲ ನಮ್ಮನೇಲಿಲ್ಲ. ಐತೆ ಅಂತ ನಿಮ್ಗೆ ಯಾರು ಯೋಳಿದ್ದು?"

"ಯಾರೂ ಹೇಳಿಲ್ಲ. ಇದು ನಿಮ್ಮ ಯಜಮಾನ್ರದೇ ಅಲ್ವಾ."

ಹಾಗಾದರೆ ಗಂಡ ಸಿಕ್ಕಿಬಿದ್ದ ಎಂದುಕೊಂಡಳು ನರಸಮ್ಮ. ಜೇಬು ತಡಕಿದ್ದಾರೆ, ಹೊಡೆದೂ ಇರುತ್ತಾರೆ. ಸುಳ್ಳು ಹೇಳುವ ತ್ರಾಣ ಅವಳಲ್ಲಿ ಉಳಿಯಲಿಲ್ಲ. "ಎಲ್ಲವ್ರೆ ಅವ್ರು? ಯಾವ ಠಾಣೇಲಿ ಮಡಗಿದ್ದೀರಿ?"

ಕುಪ್ಪುಸ್ವಾಮಿ ತಬ್ಬಿಬ್ಬಾದ. "ಠಾಣೆ ಯಾಕಕ್ಕಾ? ಊರಲ್ಲವ್ರೆ ಅಂತ ನೀವೇ ಹೇಳಿದ್ರಂತಲ್ಲ. ಇದು ನಮ್ಮ ಆಫೀಸಿನ ಹಲಗೇಲಿ ಸಿಕ್ಕಿದ್ದು. ಗಣಿಗೆ ಇಳಿಯೋರು ಹಲಗೆ ಕೊಕ್ಕೆಯಿಂದ ತಮ್ಮ ನಂಬರ್ ಬಿಲ್ಲೆ ತಗೊಂಡ್ರೇನೇ ಕೆಳಗಿಳಿಸೋ ಕೇಜಿನ ಪಂಜರಕ್ಕೆ ಹತ್ತಿಸೋದು. ಮೇಲೆ ಬಂದು ತಿರ್ಗಾ ನೇತಾಕ್ಬೇಕು. ಕೊಕ್ಕೆ ಖಾಲಿ ಇದ್ರೆ ಆಳು ಕೆಳಗವ್ನೆ ಅಂತ ಲೆಕ್ಕ. ಬಂಡೆ ಸಿಡಿದ ದಿನ ಬೆಳಿಗ್ಗೆ ಗುಡಿಸ್ತಾ ನೋಡ್ತೀನಿ, ಯಜಮಾನ್ರ ಕೊಕ್ಕೇಲಿ ನಂಬರಿನದ್ದಿಲ್ಲ, ಇದೈತೆ. ದೂರದಿಂದ ಎರಡೂ ಒಂದೇ ತರ. ರಜೇಲಿರೋರು, ಏನೋ ತಮಾಷೆ ಮಾಡವ್ರೆ ಅಂತ ಸುಮ್ನಾದೆ. ಮೊನ್ನೆ ಹಲಗೆ ಬದಲಾಯಿಸಿದ್ರು, ಆಗ ತಗೊಂಡೆ."

ನರಸಮ್ಮ ಆ ಬಿಲ್ಲೆಯನ್ನು ತನ್ನ ಕೈಗೆ ತೆಗೆದುಕೊಂಡಳು. ತಮಾಷೆಯಲ್ಲ. ತಾನು ಇಳಿದದ್ದು ಯಾರಿಗೂ ತಿಳಿಯಬಾರದೆಂದು ಅಶ್ವತ್ಥಪ್ಪನೇ ಕೊಕ್ಕೆ ತುಂಬಿಸಿ ಹೋಗಿದ್ದ. ಮೇಲೆ ಬಂದಿದ್ದರೆ ಅದನ್ನು ತೆಗೆದು ತನ್ನದನ್ನು ನೇತುಹಾಕದೆ ಬಿಡುತ್ತಿದ್ದನೆ?

"ಬಂಡೆ ಬಿದ್ದ ಕಡೆ ಯಾರೂ ಓಗಿ ನೋಡ್ಲಿಲ್ವಾ?" ಎಂದಳು.

"ಅಗೆಯೋಕೆ ಹೊರಟೇ ಇದ್ರು ಅಕ್ಕಾ. ಒಳಗಿಂದ ಯಾರೋ ಕಲ್ಲು ತಟ್ಟಿದ ಸದ್ದು ಬರ್ತದೆ ಅಂತ ಇಬ್ರು ಆಳು ಹಠ ಹಿಡಿದಿದ್ರು. ಮಿಕ್ಕೋರೆಲ್ಲ ಮೇಲೆ ಬಂದು ಕೊಕ್ಕೆ ಎಲ್ಲಾ ತುಂಬಿತ್ತು, ಕಾಣದೆ ಇದ್ದೋರು ನಿಮ್ಮ ಯಜಮಾನ್ರೊಬ್ರೇ. ಅವ್ರು ಉಂಡು ಊರಿಗೆ ಹೋದ್ರು ಅಂತ ನೀವು ಅಂದ ಮೇಲೆ, ಭ್ರಮೆ ಬಿಡ್ರೋ ಅಂತ ಸಾಹೇಬ್ರು ಆ ಸಾಯಂಕಾಲಾನೇ ಸುರಂಗ ಮುಚ್ಚಿಸಿದ್ರು."