ಹಸಿವಿಲ್ಲದ ಪಾಚಿ

ತನ್ನ ಪಿಎಚ್.ಡಿ. ಸಂಶೋಧನೆಗೆಂದು ಅವಳು ಫ್ಲಾಸ್ಕಿನಲ್ಲಿ ಬೆಳೆಸಿದ್ದ ಆ ಹಾಳು ನೀಲಿಹಸಿರು ಪಾಚಿ ಇವತ್ತೂ ಕಡುಹಸಿರಾಗಿ ಮಿರುಗುತ್ತಿತ್ತು. ನೀರಿನಲ್ಲಿ ಅದರ ಆಹಾರವಾದ ನೈಟ್ರೇಟ್ ತೀರಿದರೆ ಅದು ಹಸಿದು ಹಳದಿಯಾಗಬೇಕು. ಆಗ ಅದರೊಳಗಿನ ಒಂದು ಪ್ರೋಟೀನು ಎಚ್ಚೆತ್ತು, ಗಾಳಿಯ ಸಾರಜನಕದಿಂದಲೇ ಆಹಾರ ಮಾಡಿಕೊಳ್ಳಿ ಎಂದು ಜೀವಕೋಶಗಳಿಗೆ ಅಪ್ಪಣೆ ಕೊಡಬೇಕು. ಯುಗಾದಿ ಹೋಗಿ ದೀಪಾವಳಿ ಬಂದರೂ ಆ ಪ್ರೋಟೀನು ಕಣ್ಣೇ ಬಿಟ್ಟಿರಲಿಲ್ಲ.

“ನೀನು ಫ್ಲಾಸ್ಕ್ ಸರಿಯಾಗಿ ತೊಳೆದಿಲ್ಲ, ಹಳೇ ನೈಟ್ರೇಟ್ ಉಳ್ಕೊಂಡಿದೆ,” ಎಂದು ಗೈಡ್ ಬೆಳಗ್ಗೆಯೇ ರೇಗಿದ್ದರು. “ಇನ್ನೊಂದ್ಸಲ ಹೀಗಾದ್ರೆ ವಿಷಯಾನೇ ಬದಲಾಯಿಸ್ಬಿಡು.”

ತೊಳೆದು ತೊಳೆದು ಅವಳ ಬೆರಳುಗಳು ಸುಲಿದುಹೋಗಿದ್ದವು. ಸಿಟ್ಟಿನಲ್ಲಿ ಎಲ್ಲವನ್ನೂ ಸಿಂಕಿಗೆ ಸುರಿಯಹೊರಟಾಗ, ಪಾಚಿಗಳ ಕೋಣೆ ನೋಡಿಕೊಳ್ಳುವ ಮೇಡಂ ಓಡಿಬಂದು ಕೈ ಹಿಡಿದರು. ಅವರ ಆರೈಕೆಯಲ್ಲಿ ಇಂದಿನವರೆಗೆ ಒಂದು ಪಾಚಿಯೂ ಸತ್ತಿರಲಿಲ್ಲ.

“ಅಯ್ಯೋ, ಚೆನ್ನಾಗಿ ಬದುಕಿರೋದನ್ನ ಯಾಕಮ್ಮ ಚೆಲ್ತೀಯ?”

“ಚೆನ್ನಾಗಿರೋದೇ ನನ್ನ ಕರ್ಮ ಮೇಡಂ! ಎಷ್ಟು ಉಪವಾಸ ಕೆಡವಿದ್ರೂ ಇದಕ್ಕೆ ಹಸಿವೇ ಆಗ್ತಿಲ್ಲ.”

ಮೇಡಂ ಫ್ಲಾಸ್ಕನ್ನು ಕಸಿದು ಮಗುವಿನಂತೆ ಎದೆಗವಚಿಕೊಂಡರು.

“ಹೇಗೆ ಆಗತ್ತೆ? ಹಳದಿ ತಿರುಗಿದಾಗಲೆಲ್ಲ ನಾನೇ ನೈಟ್ರೇಟ್ ಹಾಕಿ ಉಳಿಸ್ಕೊಂಡು ಬಂದಿದೀನಲ್ಲ!”