ಹದಿನಾಲ್ಕು ವರ್ಷದ ಪ್ರಿಂಟರ್

ರಕ್ತ ಪರೀಕ್ಷಿಸುವ ಯಂತ್ರ ಮೂರನೆಯ ದಿನವೂ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಕೈಕೊಟ್ಟಿತು. ಒಳಗಿದ್ದ ರಕ್ತವೆಲ್ಲ ಹಾಳು; ಅದರಲ್ಲಿ ಒಂದು ಮಗುವಿನದೂ ಇತ್ತು. ಇಡೀ ಆಸ್ಪತ್ರೆ ಅಕ್ಕ ಎಂದು ಕರೆಯುವ ಲ್ಯಾಬಿನ ಮುಖ್ಯಸ್ಥೆ, ನೆಟ್‌ವರ್ಕ್ ತಂತ್ರಜ್ಞನನ್ನು ಕರೆಸಿದರು.

"ಆ ಮಗೂಗೆ ಮತ್ತೆ ಸೂಜಿ ಚುಚ್ಬೇಕು. ಅವರಮ್ಮನಿಗೆ ನೀನೇ ಹೋಗಿ ಹೇಳಪ್ಪಾ, ಪುಣ್ಯಾತ್ಮ."

ಕಾರಣ ಅವನಿಗೆ ಗೊತ್ತಿತ್ತು. ಹೊಸ ಸಾಫ್ಟ್‌ವೇರ್ ದಿನವೂ ಹತ್ತಕ್ಕೆ ನೆಟ್‌ವರ್ಕಿನ ಒಂದೊಂದು ವಿಳಾಸದ ಬಾಗಿಲನ್ನೂ ತಟ್ಟಿ, ಉತ್ತರ ಕೊಟ್ಟ ಸಾಧನ ಯಾವುದು, ಎಷ್ಟು ಹಳೆಯದು ಎಂದು ಪಟ್ಟಿ ಮಾಡುತ್ತಿತ್ತು. ಹಳೆಯ ಯಂತ್ರ ಆ ತಟ್ಟುವಿಕೆಗೇ ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತಿತ್ತು. ಸಾಫ್ಟ್‌ವೇರಿನ 'ಗೊತ್ತಿರುವ ತೊಂದರೆಗಳು' ಪುಟದಲ್ಲಿ ಇದು ಹದಿನೇಳನೆಯದು. ಉಪಾಯವೂ ಒಂದೇ ಸಾಲು: ಅಂಥ ವಿಳಾಸವನ್ನು ಹುಡುಕಾಟದಿಂದ ಕೈಬಿಡಿ. ಕೈಬಿಟ್ಟ. ಯಂತ್ರ ಸರಿಹೋಯಿತು.

ಮುಂದಿನ ವಾರ ಆಡಳಿತಾಧಿಕಾರಿ ಪಟ್ಟಿ ಹಿಡಿದು ಕುಳಿತರು. ಅದರಲ್ಲಿ ಇಲ್ಲದ್ದೆಲ್ಲ ಶುಕ್ರವಾರ ನೆಟ್‌ವರ್ಕಿನಿಂದ ಹೊರಗೆ.

"ಸರ್, ರಕ್ತದ ಯಂತ್ರ ಇದರಲ್ಲಿಲ್ಲ. ಅದನ್ನ ತೆಗೆದ್ರೆ ವಾರ್ಡಿಗೆ ವರದಿ ಹೋಗಲ್ಲ. ಕೈಯಲ್ಲಿ ಸೇರಿಸ್ಲಾ?"

"ಕೈಯಲ್ಲಿ ಸೇರಿಸೋದಾದ್ರೆ ಸಾಫ್ಟ್‌ವೇರ್ ಯಾಕ್ರೀ ತಂದಿದ್ದು? ಅದೇ ಹುಡುಕ್ಬೇಕು."

"ಹುಡುಕಿದ್ರೆ ಯಂತ್ರ ನಿಂತುಹೋಗುತ್ತೆ, ಸರ್."

"ಹುಡುಕದೇ ಇದ್ರೆ ಅದು ಇಲ್ವೇ ಇಲ್ಲ."

ಗುರುವಾರ ಊಟದ ಹೊತ್ತು, ಯಂತ್ರ ಖಾಲಿಯಿದ್ದಾಗ, ಅವನು ಅದರ ಕೇಬಲ್ ಕಿತ್ತ. ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಪ್ರಿಂಟರ್ ಒಂದನ್ನು ತಂದು, ಯಂತ್ರದ ವಿಳಾಸವನ್ನು ಅದಕ್ಕೆ ಕೊಟ್ಟು, ಆ ವಿಳಾಸವನ್ನೂ ಸೇರಿಸಿ ಒಂದು ಸಲ ಹುಡುಕಾಟ ನಡೆಸಿದ. ಪ್ರಿಂಟರ್ ಮರುಕ್ಷಣವೇ ಉತ್ತರಿಸಿತು. ವಿಳಾಸ ಪಟ್ಟಿ ಸೇರಿತು. ಆಮೇಲೆ ಪ್ರಿಂಟರನ್ನು ಉಗ್ರಾಣಕ್ಕೆ ಸಾಗಿಸಿ, ಕೇಬಲನ್ನು ಯಂತ್ರಕ್ಕೆ ಸಿಕ್ಕಿಸಿ, ವಿಳಾಸವನ್ನು ಮತ್ತೆ ಹುಡುಕಾಟದಿಂದ ಕೈಬಿಟ್ಟ.

"ಇದೂ ಆ ಪುಟದಲ್ಲಿ ಇದೆಯೇನೋ?" ಎಂದು ಅಕ್ಕ ಕೇಳಿದರು.

"ಇಲ್ಲ ಅಕ್ಕಾ. ಇದು ಸ್ವಂತದ್ದು."

ಎರಡು ತಿಂಗಳು ಯಾವ ತಕರಾರೂ ಇರಲಿಲ್ಲ. ಒಂದು ಮಧ್ಯಾಹ್ನ ಇಬ್ಬರು ಕೆಲಸಗಾರರು ಹೊಸ ಪ್ರಿಂಟರಿನ ಪೆಟ್ಟಿಗೆಯನ್ನು ತಳ್ಳಿಕೊಂಡು ಲ್ಯಾಬಿಗೆ ಬಂದರು. ಜೊತೆಗೆ ಅಧಿಕಾರಿ ರುಜು ಹಾಕಿದ ಆದೇಶ: ಪಟ್ಟಿಯ ಪ್ರಕಾರ ಇಲ್ಲಿರುವ ಪ್ರಿಂಟರಿಗೆ ಹದಿನಾಲ್ಕು ವರ್ಷ; ಇಂದೇ ತೆಗೆದು ಗುಜರಿಗೆ ಹಾಕುವುದು. ಅಲ್ಲೇ ಇದ್ದ ತಂತ್ರಜ್ಞ ಆದೇಶವನ್ನು ಎರಡು ಸಲ ಓದಿದ. ನಿಜ ಹೇಳಿದರೆ ಯಂತ್ರ ಪಟ್ಟಿಯಿಂದ ಹೋಗುತ್ತದೆ. ಹೇಳದಿದ್ದರೆ ಲ್ಯಾಬಿನಿಂದಲೇ ಹೋಗುತ್ತದೆ.

ಕೆಲಸಗಾರರಲ್ಲೊಬ್ಬ, ಬೀರುವಿನಷ್ಟು ಎತ್ತರದ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ದೊಡ್ಡ ಪ್ರಿಂಟರಾ, ಮೇಡಂ?"

ಅಕ್ಕ ಕುರ್ಚಿ ಎಳೆದುಕೊಂಡು ಯಂತ್ರಕ್ಕೆ ಬೆನ್ನು ಕೊಟ್ಟು ಕುಳಿತರು. ಅವರ ಹಿಂದೆ, ಗಾಜಿನೊಳಗೆ, ರಕ್ತ ತುಂಬಿದ ಕೊಳವೆಗಳು ನಿಧಾನವಾಗಿ ಸುತ್ತುತ್ತಿದ್ದವು.

"ಕಾಯ್ಬೇಕಪ್ಪಾ," ಎಂದರು. "ಇನ್ನೂ ಪ್ರಿಂಟ್ ಆಗ್ತಾ ಇದೆ."