ಒಳಗಿನ ಕೋಣೆ

"ಬಾಲ್ಕನಿ ಇಲ್ಲದ ರೂಮೇ ಇರಲಿ," ಎಂದು ಆಕೆ ಮೂರನೇ ಸಲ ಹೇಳಿದಳು.

ಟ್ರಾವೆಲ್ಸ್ ಕಚೇರಿಯ ಹುಡುಗಿಗೆ ಅರ್ಥವಾಗಲಿಲ್ಲ. ಹಡಗಿನ ಚಿತ್ರವನ್ನು ಮೇಜಿನ ಮೇಲೆ ತಿರುಗಿಸಿ ಆಕೆಯ ಮುಂದಿಟ್ಟಳು. "ಆಂಟಿ, ಐದು ದಿನದ ಕ್ರೂಸು. ಹಿರಿಯರಿಗೆ ಅದೇ ರೇಟಿಗೆ ಬಾಲ್ಕನಿ ಕೊಡ್ತಿದೀವಿ. ಅಂಕಲ್ ಜೊತೆ ಕಾಫಿ ಕುಡೀತಾ ಸಮುದ್ರ ನೋಡ್ಬಹುದು. ಒಳಗಿನ ರೂಮಿಗೆ ಒಂದು ಕಿಟಕಿನೂ ಇರಲ್ಲ."

"ನೀರು ನೋಡಿದ್ರೆ ನಂಗೆ ತಲೆ ತಿರುಗುತ್ತಮ್ಮ."

"ದುಡ್ಡು ಕೊಟ್ಟು ಹಡಗು ಹತ್ತಿ ಗೋಡೆ ನೋಡ್ತಾ ಕೂರೋಳು ಇವಳೊಬ್ಬಳೇ," ಎಂದು ಗಂಡ ನಕ್ಕ. ಹುಡುಗಿಯೂ ನಕ್ಕಳು. ಆಕೆ ಮಾತ್ರ ಚಿತ್ರದಲ್ಲಿದ್ದ ಬಾಲ್ಕನಿಯ ಕಂಬಿಯ ಮೇಲೆ ಬೆರಳಿಟ್ಟು, ಅದು ಗಂಡನ ಎದೆಮಟ್ಟಕ್ಕೆ ಬಂದೀತೋ ಬರೀ ಸೊಂಟದವರೆಗೋ ಎಂದು ಅಳೆಯುತ್ತಿದ್ದಳು. ಮೂರು ತಿಂಗಳ ಹಿಂದೆ ಅವನು ತಾರಸಿಯ ಮೋಟುಗೋಡೆಯ ಆಚೆ, ಸಜ್ಜೆಯ ಅಂಚಿನಲ್ಲಿ ನಿಂತಿದ್ದುದನ್ನು ಕಂಡಾಗ ಆಕೆ ಕೂಗಿಕೊಂಡಿರಲಿಲ್ಲ. "ಊಟ ಆರ್ತಾ ಇದೆ, ಬನ್ನಿ" ಎಂದಷ್ಟೇ ಕರೆದಿದ್ದಳು. ಅವನು ಗೋಡೆ ದಾಟಿ ಈಚೆ ಬಂದು, ನೀರಿನ ಟ್ಯಾಂಕು ನೋಡುತ್ತಿದ್ದೆ ಎಂದಿದ್ದ. ಆಕೆ ಹೂಂ ಎಂದಿದ್ದಳು. ಆಮೇಲೆ ಇಬ್ಬರೂ ಆ ಮಾತು ಎತ್ತಿರಲಿಲ್ಲ.

"ಅಂಕಲ್, ನೀವಾದ್ರೂ ಹೇಳಿ," ಎಂದಳು ಹುಡುಗಿ.

ಅವನು ಚಿತ್ರದ ಕಡೆ ಬಾಗಿದ. ಕಂಬಿಯನ್ನು ಒತ್ತಿ ಹಿಡಿದಿದ್ದ ಹೆಂಡತಿಯ ಬೆರಳು ಬಿಳಿಚಿಕೊಂಡಿತ್ತು. ಅದನ್ನು ನೋಡುತ್ತ ನೋಡುತ್ತ ಅವನ ನಗು ಇಳಿದುಹೋಯಿತು.

"ಒಳಗಿನದೇ ಬರ್ಕೊಳ್ಳಮ್ಮ," ಎಂದ. "ಅಲ್ಲಾದ್ರೂ ಇವಳು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡ್ಲಿ."